ತಿಂಗಳ ಕಂತು ಆಮೇಲೆ, ಕಾರಿನ ಬೆಲೆ ಮೊದಲು

ಅಮೆರಿಕದ ಯಾವ ಕಾರ್ ಡೀಲರ್ ಬಳಿ ಹೋದರೂ ಸೇಲ್ಸ್‌ನವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ: ತಿಂಗಳಿಗೆ ಎಷ್ಟರೊಳಗೆ ಆಗಬೇಕು? ಗಿರಾಕಿಯ ಅನುಕೂಲ ವಿಚಾರಿಸುವ ಮಾತಿನಂತೆಯೇ ಇದು ಕೇಳಿಸುತ್ತದೆ. ಆದರೆ ಆರುನೂರೈವತ್ತೋ ಏಳುನೂರೋ ಎಂದು ಉತ್ತರ ಕೊಟ್ಟ ಕ್ಷಣವೇ ಚೌಕಾಶಿಯ ಹಿಡಿತ ಅವರ ಕೈಗೆ ಹೋಗುತ್ತದೆ. ಕಾರಿನ ಬೆಲೆ, ಬಡ್ಡಿ, ಅವಧಿ, ಮುಂಗಡ, ಮೈಲಿ ಮಿತಿ ಎಲ್ಲವನ್ನೂ ಕೂಡಿ ಕಳೆದು ಕಟ್ಟಕಡೆಗೆ ಹೊರಬರುವ ಮೊತ್ತವೇ ತಿಂಗಳ ಕಂತು. ಇವುಗಳಲ್ಲಿ ಯಾವುದನ್ನು ಹಿಗ್ಗಿಸಿ ಯಾವುದನ್ನು ಕುಗ್ಗಿಸಿದರೂ ನೀವು ಹೇಳಿದ ಸಂಖ್ಯೆಯನ್ನು ತಲುಪಿಸಬಹುದು, ಲಾಭವನ್ನೂ ಉಳಿಸಿಕೊಳ್ಳಬಹುದು. ಬೇ ಏರಿಯಾ, ನ್ಯೂಜೆರ್ಸಿ, ಡಲ್ಲಾಸ್ ಕಡೆ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿ ಹಲವರು ಈಗ ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿ ಲೀಸ್ ಮಾಡುವ ಯೋಚನೆಯಲ್ಲಿರುತ್ತಾರೆ. ಊರಲ್ಲಿ ಸಾಲ ಮಾಡಿ ಕಾರು ಕೊಂಡು, ಇಎಂಐ ಕಟ್ಟಿ ರೂಢಿಯಾದವರಿಗೆ ಈ ಲೀಸಿನ ಲೆಕ್ಕ ಹೊಸದು. ಅಂಥವರಿಗೆ ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಲೀಸ್ ಮಾಡುವುದಾದರೂ ಕೊಳ್ಳಲು ಬಂದವರ ಹಾಗೆ ಕಾರಿನ ಬೆಲೆಯನ್ನೇ ಮೊದಲು ಇತ್ಯರ್ಥ ಮಾಡಿಕೊಳ್ಳಿ. ಕಂತಿನ ಮಾತು ಅದಾದ ಮೇಲೆ.

ಲೀಸ್ ಎಂದರೆ ನೀವು ಇಟ್ಟುಕೊಂಡ ಅವಧಿಯಲ್ಲಿ ಕಾರು ಕಳೆದುಕೊಳ್ಳುವ ಬೆಲೆಯನ್ನು ಕಟ್ಟಿಕೊಡುವುದು, ಅದರ ಮೇಲೆ ಬಡ್ಡಿ ಕೊಡುವುದು. ಇದಕ್ಕೆ ಬೇಕಾದ ಸಂಖ್ಯೆಗಳು ಮೂರು. ಮೊದಲನೆಯದು ಕ್ಯಾಪ್ ಕಾಸ್ಟ್, ಅಂದರೆ ಲೀಸಿನ ಲೆಕ್ಕಕ್ಕೆ ಹಿಡಿಯುವ ಕಾರಿನ ಬೆಲೆ. ಎರಡನೆಯದು ರೆಸಿಡ್ಯುಯಲ್, ಲೀಸ್ ಮುಗಿದ ದಿನ ಕಾರಿಗೆ ಉಳಿದಿರುತ್ತದೆಂದು ಫೈನಾನ್ಸ್ ಕಂಪನಿ ಮೊದಲೇ ಗೊತ್ತುಮಾಡಿದ ಬೆಲೆ. ಮೂರನೆಯದು ಮನಿ ಫ್ಯಾಕ್ಟರ್, ಸೊನ್ನೆ ಬಿಂದು ಸೊನ್ನೆ ಸೊನ್ನೆ ಎಂದು ಶುರುವಾಗುವ ಪುಟ್ಟ ಸಂಖ್ಯೆ. ಅದನ್ನು 2,400ರಿಂದ ಗುಣಿಸಿದರೆ ನಮಗೆ ಪರಿಚಯವಿರುವ ವಾರ್ಷಿಕ ಬಡ್ಡಿದರ ಸುಮಾರಾಗಿ ಸಿಗುತ್ತದೆ, 0.00250 ಎಂದರೆ ಶೇ. 6. ಈ ಮೂರರಲ್ಲಿ ರೆಸಿಡ್ಯುಯಲ್ ಡೀಲರ್ ಕೈಯಲ್ಲಿಲ್ಲ, ಅದರ ಮೇಲೆ ಚೌಕಾಶಿ ಮಾಡಿ ಪ್ರಯೋಜನವಿಲ್ಲ. ಆದರೆ ಅದನ್ನು ಲೆಕ್ಕ ಹಾಕುವುದು ಸ್ಟಿಕರ್ ಬೆಲೆಯ (ತಯಾರಕರು ಸೂಚಿಸಿದ ಬೆಲೆಯ) ಮೇಲೆ, ನೀವು ಇಳಿಸಿಕೊಂಡ ಬೆಲೆಯ ಮೇಲಲ್ಲ ಎಂಬುದನ್ನು ನೆನಪಿಡಿ. ಹಾಗಾಗಿ ನೀವು ಬೆಲೆಯಲ್ಲಿ ಇಳಿಸಿದ ಪ್ರತಿಯೊಂದು ಡಾಲರೂ ಸವಕಳಿಯಿಂದ ಪೂರ್ತಿಯಾಗಿ ಕಳೆಯುತ್ತದೆ. ಲೀಸಿನಲ್ಲಿ ಬೆಲೆ ಚರ್ಚೆಗೆ ಅರ್ಥವಿಲ್ಲ, ಕಂತು ಫಿಕ್ಸ್ ಆಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಸ್ಟಿಕರ್ ಬೆಲೆ 48,000 ಡಾಲರ್, 36 ತಿಂಗಳ ಲೀಸ್, ರೆಸಿಡ್ಯುಯಲ್ ಶೇ. 55 ಎಂದಿಟ್ಟುಕೊಳ್ಳಿ. ಹಾಗಾದರೆ ಉಳಿಕೆ ಬೆಲೆ 26,400. ಡೀಲರ್ ಸ್ಟಿಕರ್ ಬೆಲೆಗೇ ಹಿಡಿದು, ಫೈನಾನ್ಸ್ ಕಂಪನಿಯ ಅಕ್ವಿಸಿಷನ್ ಫೀ 700 ಸೇರಿಸಿ, 0.00250 ಮನಿ ಫ್ಯಾಕ್ಟರ್ ಹಾಕುತ್ತಾನೆ. ಸವಕಳಿ 22,300, ತಿಂಗಳಿಗೆ 619. ಬಡ್ಡಿ ಭಾಗಕ್ಕೆ ಕ್ಯಾಪ್ ಕಾಸ್ಟ್ ಮತ್ತು ರೆಸಿಡ್ಯುಯಲ್ ಎರಡನ್ನೂ ಕೂಡಿಸಿ ಮನಿ ಫ್ಯಾಕ್ಟರ್‌ನಿಂದ ಗುಣಿಸಬೇಕು: 75,100 ಡಾಲರಿಗೆ 188. ತೆರಿಗೆಗೆ ಮೊದಲು ಕಂತು 807. ಇಷ್ಟು ದುಬಾರಿಯೇ ಎಂದು ನೀವು ಮುಖ ಸಿಂಡರಿಸಿದರೆ, 4,500 ಡಾಲರ್ ಮುಂಗಡ ಕೊಟ್ಟರೆ 671ಕ್ಕೆ ಮಾಡಿಕೊಡುತ್ತೇನೆ ಎನ್ನುತ್ತಾನೆ. ಈಗ ಇನ್ನೊಂದು ದಾರಿ ನೋಡಿ. ಮುಂಗಡ ಒಂದು ಕಾಸೂ ಇಲ್ಲ. ಕಾರಿನ ಬೆಲೆಯನ್ನು 45,000ಕ್ಕೆ ಇಳಿಸಿದ್ದೀರಿ, ಮನಿ ಫ್ಯಾಕ್ಟರ್ 0.00200 ಆಗಿದೆ. ಸವಕಳಿ ಭಾಗ 536, ಬಡ್ಡಿ ಭಾಗ 144, ಒಟ್ಟು 680. ಕಂತನ್ನಷ್ಟೇ ನೋಡುವವರಿಗೆ 671ರದ್ದೇ ಒಳ್ಳೆಯ ಡೀಲ್. ಮೂರು ವರ್ಷದ ಒಟ್ಟು ಖರ್ಚು ನೋಡಿದರೆ ಮೊದಲನೆಯದಕ್ಕೆ 28,654 ಡಾಲರ್, ಎರಡನೆಯದಕ್ಕೆ 24,491. ಕಂತಿನಲ್ಲಿ ಒಂಬತ್ತು ಡಾಲರ್ ಕಡಿಮೆ ಎಂದು ಹಿಗ್ಗಿ ಸಹಿ ಹಾಕಿದ ಮನೆಗೆ ನಾಲ್ಕು ಸಾವಿರಕ್ಕೂ ಮೇಲೆ ನಷ್ಟ. ಅದೇ ಕಾರು, ಅದೇ ಬಣ್ಣ, ಅದೇ ಅವಧಿ.

ಮುಂಗಡದ ಬಗ್ಗೆ ಇನ್ನೊಂದು ಮಾತು. ಲೀಸಿನಲ್ಲಿ ಮುಂಗಡ ಕೊಟ್ಟರೆ ಕಾರಿನ ಒಂದು ಪಾಲು ನಿಮ್ಮದಾಗುವುದಿಲ್ಲ, ಮುಂದಿನ ಕಂತುಗಳ ಒಂದಿಷ್ಟನ್ನು ಈಗಲೇ ಕಟ್ಟಿದಂತಾಗುತ್ತದೆ, ಅಷ್ಟೇ. ಎರಡನೇ ತಿಂಗಳಲ್ಲೇ ಅಪಘಾತವಾಗಿ ಕಾರು ಪೂರ್ತಿ ಹಾಳಾದರೆ ವಿಮೆಯ ಹಣ ಫೈನಾನ್ಸ್ ಕಂಪನಿಗೆ ಹೋಗುತ್ತದೆ. ಉಳಿದ ಬಾಕಿಯನ್ನು ಬಹಳಷ್ಟು ಲೀಸ್‌ಗಳಲ್ಲಿ ಸೇರಿಯೇ ಇರುವ ಗ್ಯಾಪ್ ರಕ್ಷಣೆ ನೋಡಿಕೊಳ್ಳುತ್ತದೆ. ನೀವು ಕೊಟ್ಟ ಮುಂಗಡ ಮಾತ್ರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆದ್ದರಿಂದ ಜಾಹೀರಾತಿನಲ್ಲಿ ಕಂತನ್ನು ದಪ್ಪಕ್ಷರದಲ್ಲಿ ಹಾಕಿ, ಸಹಿ ಹಾಕುವಾಗ ಕೊಡಬೇಕಾದ ಮೊತ್ತವನ್ನು ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದರೆ ಆ ಸಣ್ಣಕ್ಷರದ ಮೊತ್ತದಲ್ಲಿ ಮೊದಲ ಕಂತು ಸೇರಿದ್ದರೆ ಅದನ್ನು ಕಳೆದು, ಮಿಕ್ಕದ್ದನ್ನು 36ರಿಂದ ಭಾಗಿಸಿ ಕಂತಿಗೆ ಕೂಡಿಸಿ. ಹೋಲಿಸಬೇಕಾದ ಕಂತು ಅದು.

ಡೀಲರ್ ಮನಿ ಫ್ಯಾಕ್ಟರ್ ಹೇಳದಿದ್ದರೆ? ಎಷ್ಟೋ ಕಡೆ ಹೇಳುವುದಿಲ್ಲ, ಕಾನೂನಿನ ಪ್ರಕಾರ ಹೇಳಲೇಬೇಕೆಂದೂ ಇಲ್ಲ. 1976ರ ಫೆಡರಲ್ ಕನ್ಸ್ಯೂಮರ್ ಲೀಸಿಂಗ್ ಆಕ್ಟ್ ಮತ್ತು ಅದರಡಿ ಬಂದ ರೆಗ್ಯುಲೇಷನ್ ಎಂ ಲೀಸಿನ ಬಡ್ಡಿದರವನ್ನು ಬರೆಯಬೇಕೆಂದು ಕಡ್ಡಾಯ ಮಾಡಿಲ್ಲ. ಆದರೆ ಅದೇ ನಿಯಮ ಒಪ್ಪಂದದಲ್ಲಿ ಕ್ಯಾಪ್ ಕಾಸ್ಟ್, ರೆಸಿಡ್ಯುಯಲ್, ಒಟ್ಟು ರೆಂಟ್ ಚಾರ್ಜ್ (ಅಂದರೆ ಪೂರ್ತಿ ಅವಧಿಯ ಬಡ್ಡಿ ಭಾಗ), ಸಹಿ ದಿನ ಕೊಡಬೇಕಾದ ಮೊತ್ತ ಎಲ್ಲವನ್ನೂ ತೋರಿಸಲೇಬೇಕು ಎನ್ನುತ್ತದೆ. ಅಷ್ಟು ಸಾಕು, ಮಿಕ್ಕದ್ದನ್ನು ಫೋನಿನ ಕ್ಯಾಲ್ಕುಲೇಟರ್ ಹೇಳುತ್ತದೆ. ರೆಂಟ್ ಚಾರ್ಜ್ ಮೊತ್ತವನ್ನು ತಿಂಗಳ ಸಂಖ್ಯೆಯಿಂದ ಭಾಗಿಸಿ. ಬಂದದ್ದನ್ನು, ಮುಂಗಡ ಮತ್ತು ರಿಯಾಯಿತಿ ಕಳೆದ ಕ್ಯಾಪ್ ಕಾಸ್ಟ್ ಹಾಗೂ ರೆಸಿಡ್ಯುಯಲ್‌ಗಳ ಮೊತ್ತದಿಂದ ಇನ್ನೊಮ್ಮೆ ಭಾಗಿಸಿ. ಮೇಲಿನ 807ರ ಕಂತಿನ ಒಪ್ಪಂದದಲ್ಲಿ ರೆಂಟ್ ಚಾರ್ಜ್ 6,759 ಎಂದಿರುತ್ತದೆ. 36ರಿಂದ ಭಾಗಿಸಿದರೆ 187.75, ಅದನ್ನು 75,100ರಿಂದ ಭಾಗಿಸಿದರೆ 0.00250. ಬಚ್ಚಿಟ್ಟದ್ದು ಹೊರಗೆ ಬಂತು. ತಯಾರಕರ ಫೈನಾನ್ಸ್ ಕಂಪನಿ ನಿಮ್ಮ ಕ್ರೆಡಿಟ್ ಸ್ಕೋರಿಗೆ ನಿಗದಿಪಡಿಸಿದ ಮೂಲ ದರಕ್ಕೆ ಬೈ ರೇಟ್ ಎನ್ನುತ್ತಾರೆ. ಅದರ ಮೇಲೆ ಡೀಲರ್ ತನ್ನ ಪಾಲು ಸೇರಿಸಬಹುದು, ಸೇರಿಸುವುದು ವಾಡಿಕೆಯೂ ಹೌದು. ನಮ್ಮ ಉದಾಹರಣೆಯಲ್ಲಿ, 45,000ಕ್ಕೆ ಇಳಿಸಿದ ಕಾರಿನ ಮೇಲೆ 0.00200 ಇದ್ದದ್ದು 0.00250 ಆದರೆ ತಿಂಗಳಿಗೆ 36 ಡಾಲರ್, ಮೂರು ವರ್ಷಕ್ಕೆ ಸುಮಾರು 1,300 ಡಾಲರ್ ಹೆಚ್ಚಾಗುತ್ತದೆ. ಬೈ ರೇಟ್ ಎಷ್ಟು, ನನಗೆ ಹಾಕಿದ್ದು ಎಷ್ಟು ಎಂದು ನೇರವಾಗಿ ಕೇಳಿ. ಕ್ಯಾಪ್ ಕಾಸ್ಟಿನೊಳಗೆ ಏನೇನು ಸೇರಿದೆ ಎಂಬ ವಿವರಪಟ್ಟಿಯನ್ನು ಕೇಳಿ ಪಡೆಯುವ ಹಕ್ಕನ್ನೂ ಇದೇ ನಿಯಮ ಕೊಟ್ಟಿದೆ. ಬೇಡದ ಪೇಂಟ್ ಕೋಟಿಂಗ್, ಟಯರಿಗೆ ನೈಟ್ರೋಜನ್, ಗಾಜಿನ ಮೇಲೆ ಕೆತ್ತಿದ ನಂಬರ್, ಡೀಲರ್ ತಾನೇ ಏರಿಸಿದ ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಇವೆಲ್ಲ ಸಿಕ್ಕಿಬೀಳುವುದು ಆ ಪಟ್ಟಿಯಲ್ಲೇ.

ಪ್ಲಗ್-ಇನ್ ಹೈಬ್ರಿಡ್‌ಗಳ ವಿಷಯದಲ್ಲಿ ಈ ಎಚ್ಚರ ಈಗ ಮೊದಲಿಗಿಂತ ಹೆಚ್ಚು ಬೇಕು. 2022ರ ಇನ್‌ಫ್ಲೇಷನ್ ರಿಡಕ್ಷನ್ ಆಕ್ಟ್ ಬಂದ ಮೇಲೆ, ಸ್ವಂತಕ್ಕೆ ಕೊಳ್ಳುವವರಿಗೆ 7,500 ಡಾಲರ್‌ವರೆಗಿನ ತೆರಿಗೆ ವಿನಾಯಿತಿ ಸಿಗಬೇಕಾದರೆ ಕಾರು ಉತ್ತರ ಅಮೆರಿಕದಲ್ಲಿ ಜೋಡಣೆಯಾಗಿರಬೇಕಿತ್ತು, ಆದಾಯದ ಮಿತಿಯೂ ಇತ್ತು. ಜಪಾನಿನಿಂದ ಬರುತ್ತಿದ್ದ ಟೊಯೋಟಾ ರ್‍ಯಾವ್4 ಪ್ರೈಮ್, ಮಿತ್ಸುಬಿಷಿ ಔಟ್‌ಲ್ಯಾಂಡರ್, ಮಾಜ್ಡಾ ಸಿಎಕ್ಸ್-90 ಕೊಂಡವರಿಗೆ ಅದು ಸಿಗುತ್ತಿರಲಿಲ್ಲ. ಲೀಸ್ ಮಾಡಿದಾಗ ಮಾತ್ರ ಕಾರಿನ ಒಡೆತನ ಫೈನಾನ್ಸ್ ಕಂಪನಿಯದಾದ್ದರಿಂದ ವಾಣಿಜ್ಯ ವಾಹನಗಳ ಬೇರೆ ಕಲಮಿನಡಿ ಕಂಪನಿಗೆ ವಿನಾಯಿತಿ ದೊರೆಯುತ್ತಿತ್ತು, ಈ ಷರತ್ತುಗಳಿಲ್ಲದೆ. ಅದನ್ನು ಗಿರಾಕಿಗೆ ದಾಟಿಸಲೇಬೇಕೆಂಬ ನಿಯಮ ಇರಲಿಲ್ಲ, ಆದರೆ ಪೈಪೋಟಿಯಿಂದಾಗಿ ಹಲವರು ದಾಟಿಸಿದರು. 2025ರ ಜುಲೈ 4ರಂದು ಸಹಿಯಾದ ಕಾನೂನು ಇದನ್ನೆಲ್ಲ ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಸಿತು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಕೂತು ಕಾರ್‌ಪೂಲ್ ಲೇನಿನಲ್ಲಿ ಹೋಗಲು ಬಿಡುತ್ತಿದ್ದ ಸ್ಟಿಕರ್ ಸೌಲಭ್ಯವೂ ಅದೇ ದಿನ ಕೊನೆಯಾಯಿತು. 7,500ನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 208 ಡಾಲರ್. ಆದ್ದರಿಂದ ಪರಿಚಯದವರೊಬ್ಬರು 2024ರಲ್ಲಿ ಇದೇ ಕಾರನ್ನು ಇಷ್ಟಕ್ಕೆ ತಂದರು ಎಂಬ ಸಂಖ್ಯೆಯನ್ನು ಇಟ್ಟುಕೊಂಡು ಇವತ್ತು ಮಾತಿಗೆ ಕೂತರೆ ನಿರಾಶೆಯೇ ಗತಿ. ತಿಂಗಳ ಕಂತು ಸ್ಟಿಕರ್ ಬೆಲೆಯ ಶೇ. 1 ಮೀರಬಾರದು ಎಂಬ ಹಳೆಯ ಸೂತ್ರವೂ ಬಡ್ಡಿ ಕಡಿಮೆಯಿದ್ದ ಕಾಲದ್ದು. ಈಗ ಕೇಳಬೇಕಾದ್ದು ತಯಾರಕರೇ ಕೊಡುವ ಲೀಸ್ ಕ್ಯಾಶ್ ಈ ತಿಂಗಳು ಎಷ್ಟಿದೆ ಎಂದು. ಅದು ತಿಂಗಳಿಂದ ತಿಂಗಳಿಗೆ, ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಹಲವು ಡೀಲರ್‌ಗಳು ಆ ಹಣವನ್ನೇ ತಮ್ಮ ರಿಯಾಯಿತಿ ಎಂದು ತೋರಿಸುತ್ತಾರೆ. ಡೀಲರ್ ಬಿಟ್ಟದ್ದು ಎಷ್ಟು, ತಯಾರಕರು ಕೊಟ್ಟದ್ದು ಎಷ್ಟು ಎಂದು ಎರಡು ಬೇರೆ ಸಾಲುಗಳಲ್ಲಿ ಬರೆಸಿಕೊಳ್ಳಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಮತ್ತು ಅದು ತೂಕದ ಆಕ್ಷೇಪ. ವಿನಾಯಿತಿಯೂ ಇಲ್ಲ, ಲೇನ್ ಸೌಲಭ್ಯವೂ ಇಲ್ಲ ಎಂದಮೇಲೆ ಪ್ಲಗ್-ಇನ್ನೇ ಯಾಕೆ, ಸಾಧಾರಣ ಹೈಬ್ರಿಡ್ ಸಾಲದೇ? ಎಷ್ಟೋ ಮನೆಗಳಿಗೆ ಸಾಕು ಎಂಬುದೇ ಪ್ರಾಮಾಣಿಕ ಉತ್ತರ. ರ್‍ಯಾವ್4 ಪ್ರೈಮ್ ಎಂದು 2024ರವರೆಗೆ ಮಾರಾಟವಾದ ಮಾಡೆಲ್ ಪೂರ್ತಿ ಚಾರ್ಜಿನಲ್ಲಿ 42 ಮೈಲಿ ಹೋಗುತ್ತದೆ, ನೂರು ಮೈಲಿಗೆ ಸುಮಾರು 36 ಯೂನಿಟ್ ಕರೆಂಟ್ ಬೇಕು. ಬ್ಯಾಟರಿ ಮುಗಿದ ಮೇಲೆ ಗ್ಯಾಲನ್ನಿಗೆ 38 ಮೈಲಿ ಕೊಡುತ್ತದೆ. ಇವು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಗಳು. ಯೂನಿಟ್ಟಿಗೆ 14 ಸೆಂಟ್, ಗ್ಯಾಲನ್ನಿಗೆ 3 ಡಾಲರ್ ಇರುವ ಊರಿನಲ್ಲಿ ನೂರು ಮೈಲಿಗೆ ಕರೆಂಟಿನಲ್ಲಿ 5 ಡಾಲರ್, ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 8. ಯೂನಿಟ್ಟಿಗೆ 35 ಸೆಂಟ್, ಗ್ಯಾಲನ್ನಿಗೆ ನಾಲ್ಕೂವರೆ ಡಾಲರ್ ಇರುವಲ್ಲಿ ಕರೆಂಟಿಗೆ 12.60, ಪೆಟ್ರೋಲಿಗೆ ಸುಮಾರು 11.80, ಅಲ್ಲಿ ಚಾರ್ಜ್ ಮಾಡಿದರೇ ಖರ್ಚು ಹೆಚ್ಚು. ನಿಮ್ಮ ಮನೆಯ ಕರೆಂಟ್ ಬಿಲ್ ತೆಗೆದು ರಾತ್ರಿಯ ದರ ನೋಡದೆ ಡೀಲರ್ ಬಳಿ ಹೋಗಬೇಡಿ. ಗ್ಯಾರೇಜಿನಲ್ಲಿ ಪ್ಲಗ್ ಇಲ್ಲದ ಅಪಾರ್ಟ್‌ಮೆಂಟ್ ವಾಸಿಗಳಂತೂ ಇದನ್ನು ಕೈಬಿಡುವುದೇ ಲೇಸು. 2021ರಲ್ಲಿ ನೋಂದಣಿಯಾದ ಕಾರುಗಳ ಬಗ್ಗೆ ಯುರೋಪಿಯನ್ ಕಮಿಷನ್ 2024ರಲ್ಲಿ ಹೊರತಂದ ವರದಿಯ ಪ್ರಕಾರ, ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯ ಮೇಲೆ ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು. ಜನ ನಿರೀಕ್ಷಿಸಿದಷ್ಟು ಚಾರ್ಜ್ ಮಾಡುವುದಿಲ್ಲ ಎಂಬುದು ಅದಕ್ಕೆ ದೊಡ್ಡ ಕಾರಣ. ಚಾರ್ಜ್ ಮಾಡದವರ ಪಾಲಿಗೆ ಆ ದೊಡ್ಡ ಬ್ಯಾಟರಿ ಬರೀ ಭಾರ, ಕಂತಿನಲ್ಲೂ ರಸ್ತೆಯಲ್ಲೂ. ಮನೆಯಲ್ಲಿ ಪ್ಲಗ್ ಇದ್ದು, ಕರೆಂಟ್ ಅಗ್ಗವಿದ್ದು, ದಿನದ ಓಡಾಟ ಮೂವತ್ತು ನಲವತ್ತು ಮೈಲಿಯೊಳಗಿದ್ದು, ವರ್ಷಕ್ಕೆ ನಾಲ್ಕಾರು ಸಲ ದೂರ ಪ್ರಯಾಣ ಹೊರಡುವ ಕುಟುಂಬಕ್ಕೆ ಇದಕ್ಕಿಂತ ಹೊಂದುವ ಕಾರು ಕಡಿಮೆ.

ಹಾಗೆ ಹೊಂದುವವರಿಗೂ ಲೀಸ್ ಯಾಕೆ, ಮೂರು ವರ್ಷ ದುಡ್ಡು ಕಟ್ಟಿ ಕೊನೆಗೆ ಕೈಯಲ್ಲಿ ಏನೂ ಉಳಿಯದಲ್ಲ ಎಂದು ಹಿರಿಯರು ಕೇಳುತ್ತಾರೆ. ಹತ್ತು ವರ್ಷ ಒಂದೇ ಕಾರು ಓಡಿಸುವವರು ಕೊಳ್ಳುವುದೇ ಸರಿ, ಅದರಲ್ಲಿ ವಾದವಿಲ್ಲ. ಬ್ಯಾಟರಿ ಕೆಟ್ಟೀತೆಂಬ ಹೆದರಿಕೆಯಿಂದ ಲೀಸಿಗೆ ಹೋಗುವುದಕ್ಕೂ ಅರ್ಥವಿಲ್ಲ. ಸಾಮಾನ್ಯವಾಗಿ 8 ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ ಇರುತ್ತದೆ. ಲೀಸಿನ ನಿಜವಾದ ಬಲ ಬೇರೆ ಕಡೆ ಇದೆ. ವಿನಾಯಿತಿ ಬಂದು ಹೋಗುತ್ತಿರುವಾಗ, ಮಾಡೆಲ್‌ಗಳು ಬೇಗ ಬದಲಾಗುತ್ತಿರುವಾಗ ಮೂರು ವರ್ಷದ ಮೇಲೆ ಈ ಕಾರು ಎಷ್ಟಕ್ಕೆ ಹೋದೀತೆಂದು ಹೇಳುವುದು ಕಷ್ಟ. ಆ ಅಂದಾಜು ತಪ್ಪಿದರೆ ನಷ್ಟ ಫೈನಾನ್ಸ್ ಕಂಪನಿಯದು. ಬೆಲೆ ಏರಿದರೆ ಒಪ್ಪಂದದಲ್ಲಿ ಬರೆದ ಬೆಲೆಗೇ ಕೊಳ್ಳುವ ಹಕ್ಕು ನಿಮ್ಮದು. 2021, 2022ರಲ್ಲಿ ಚಿಪ್ ಕೊರತೆಯಿಂದ ಹಳೆ ಕಾರುಗಳ ಬೆಲೆ ರೆಸಿಡ್ಯುಯಲ್ ಮೀರಿ ಏರಿದಾಗ ಲೀಸಿನವರಿಗೆ ಆದ ಲಾಭ ಇದೇ. ಈ ಭದ್ರತೆಗೆ ನೀವು ಕೊಡುವ ಬೆಲೆ ಸಮಂಜಸವಾಗಿರಬೇಕಾದರೆ ಮತ್ತೆ ಕ್ಯಾಪ್ ಕಾಸ್ಟ್ ಮತ್ತು ಮನಿ ಫ್ಯಾಕ್ಟರ್ ಎರಡೂ ಸರಿಯಿರಬೇಕು.

ಮಾತುಕತೆ ನಡೆಸುವ ಕ್ರಮವೂ ಇದನ್ನೇ ಅನುಸರಿಸಬೇಕು. ಷೋರೂಮಿಗೆ ಹೋಗುವ ಮೊದಲೇ ನಾಲ್ಕೈದು ಡೀಲರ್‌ಗಳ ಇಂಟರ್‌ನೆಟ್ ಸೇಲ್ಸ್ ವಿಭಾಗಕ್ಕೆ ಒಂದೇ ಇಮೇಲ್ ಬರೆಯಿರಿ. ಮಾಡೆಲ್, ಟ್ರಿಮ್, ಅವಧಿ, ವರ್ಷದ ಮೈಲಿ ಹೇಳಿ. ತಯಾರಕರ ರಿಯಾಯಿತಿಗೆ ಮುಂಚಿನ ಮಾರಾಟ ಬೆಲೆ, ಮನಿ ಫ್ಯಾಕ್ಟರ್, ರೆಸಿಡ್ಯುಯಲ್, ಎಲ್ಲ ಫೀಗಳನ್ನು ಬರೆದು ಕಳಿಸಲು ಕೇಳಿ. ಮುಂಗಡ ಸೊನ್ನೆ ಎಂದು ಸ್ಪಷ್ಟವಾಗಿ ಬರೆಯಿರಿ. ಇಬ್ಬರು ಮೂವರು ಬರೀ ಕಂತು ಕಳಿಸುತ್ತಾರೆ, ಬಂದು ಮಾತಾಡಿ ಎನ್ನುತ್ತಾರೆ, ಅವರನ್ನು ಬಿಟ್ಟುಬಿಡಿ. ಮಿಕ್ಕವರಲ್ಲಿ ಕಡಿಮೆ ಹೇಳಿದವರ ಪತ್ರವೇ ಇತರರ ಮುಂದೆ ಇಡಲು ಸಾಕಾಗುತ್ತದೆ. ಹಳೆ ಕಾರು ಕೊಡುವುದಿದ್ದರೆ ಅದರ ಬೆಲೆ ಬೇರೆ ಕಡೆ ವಿಚಾರಿಸಿಟ್ಟುಕೊಂಡು, ಹೊಸ ಕಾರಿನ ಬೆಲೆ ಗಟ್ಟಿಯಾದ ಮೇಲಷ್ಟೇ ಆ ವಿಷಯ ಎತ್ತಿ. ಡಾಕ್ಯುಮೆಂಟ್ ಫೀ ರಾಜ್ಯದಿಂದ ರಾಜ್ಯಕ್ಕೆ ಬೇರೆ; ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 85 ಡಾಲರ್ ಮಿತಿಯಿದೆ, ಫ್ಲೋರಿಡಾದಲ್ಲಿ ಮಿತಿಯೇ ಇಲ್ಲ. ತೆರಿಗೆಯೂ ಹಾಗೆಯೇ: ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಕಂತಿನ ಮೇಲೆ, ನ್ಯೂಯಾರ್ಕಿನಲ್ಲಿ ಎಲ್ಲ ಕಂತುಗಳ ತೆರಿಗೆ ಆರಂಭದಲ್ಲೇ ಒಟ್ಟಿಗೆ, ಟೆಕ್ಸಸ್‌ನಲ್ಲಿ ಕಾರಿನ ಪೂರ್ತಿ ಬೆಲೆಯ ಮೇಲೆ ಶೇ. 6.25. ಡಲ್ಲಾಸ್‌ನವರು ಸ್ಯಾನ್ ಹೋಸೆಯ ಸ್ನೇಹಿತರ ಕಂತಿನೊಂದಿಗೆ ತಮ್ಮದನ್ನು ಹೋಲಿಸಿ ಮೋಸಹೋದೆವೆಂದು ಕೊರಗುವುದಕ್ಕೆ ಇದೂ ಒಂದು ಕಾರಣ. ಸಹಿ ಹಾಕಿದ ಮೇಲೆ ಮೂರು ದಿನದೊಳಗೆ ಹಿಂದಿರುಗಿಸಬಹುದೆಂಬ ನಂಬಿಕೆ ಬೇಡ. ಫೆಡರಲ್ ಕೂಲಿಂಗ್-ಆಫ್ ನಿಯಮ ಡೀಲರ್ ಅಂಗಡಿಯಲ್ಲಿ ನಡೆದ ವ್ಯವಹಾರಕ್ಕೆ ಅನ್ವಯಿಸುವುದಿಲ್ಲ.

ಮನೆಯ ಬಜೆಟ್ಟಿಗೆ ಕಂತೇ ತಾನೆ ಮುಖ್ಯ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ತಿಂಗಳ ಸಂಬಳದಲ್ಲಿ ಬಾಡಿಗೆ, ಮಕ್ಕಳ ಡೇಕೇರ್, ಊರಿಗೆ ಕಳಿಸುವ ಹಣ ಎಲ್ಲ ಹೊಂದಿಸುವವರಿಗೆ ಮಿತಿ ಇರಲೇಬೇಕು. ಆ ಮಿತಿಯನ್ನು ನೀವು ತಿಳಿದಿದ್ದರೆ ಸಾಕು, ಡೀಲರ್‌ಗೆ ಹೇಳುವ ಅಗತ್ಯವಿಲ್ಲ. ಮೇಲೆ ಬಿಡಿಸಿದ ಲೀಸ್ ಲೆಕ್ಕವನ್ನು ತಿರುಗಿಸಿ ನಿಮ್ಮ ಮಿತಿಗೆ ಎಷ್ಟು ಬೆಲೆಯ ಕಾರು ಬರುತ್ತದೆಂದು ಮನೆಯಲ್ಲೇ ಲೆಕ್ಕ ಹಾಕಿ ಹೊರಡಿ. ಅವಧಿಯನ್ನು 36ರಿಂದ 48 ತಿಂಗಳಿಗೆ ಎಳೆದು ಕಂತು ಇಳಿಸುವ ಸಲಹೆ ಬಂದರೆ ಒಪ್ಪಬೇಡಿ. ಮೂಲ ವಾರಂಟಿ ಹಲವು ಕಂಪನಿಗಳಲ್ಲಿ 36 ತಿಂಗಳು ಅಥವಾ 36,000 ಮೈಲಿಗೆ ಮುಗಿಯುತ್ತದೆ, ಆಮೇಲಿನ ರಿಪೇರಿ ಖರ್ಚು ನಿಮ್ಮ ಮೇಲೆ ಬೀಳುತ್ತದೆ.

ಮೈಲಿ ಮಿತಿಯಲ್ಲೂ ಕಂತಿನ ಆಸೆ ಕೆಲಸ ಮಾಡುತ್ತದೆ. ವರ್ಷಕ್ಕೆ 10,000 ಮೈಲಿಯ ಲೀಸ್ ಅಗ್ಗವಾಗಿ ಕಾಣುತ್ತದೆ. 13,000 ಓಡಿಸಿ ಮೈಲಿಗೆ 25 ಸೆಂಟಿನಂತೆ ದಂಡ ಕಟ್ಟಿದರೆ ಕೊನೆಗೆ 2,250 ಡಾಲರ್. ಕರೆಂಟಿನಲ್ಲಿ ಓಡಿದ ಮೈಲಿಯೂ ಮೈಲಿಯೇ. ತಂದೆತಾಯಿ, ಅತ್ತೆಮಾವ ಬರುವರೆಂದು ಮೂರು ಸಾಲಿನ ಸೀಟಿನ ಕಾರನ್ನೇ ಹುಡುಕುವ ಕುಟುಂಬಗಳು ಇದೇ ರೀತಿ ಯೋಚಿಸಬಹುದು: ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ, ಲೀಸ್ 36 ತಿಂಗಳು. ಎಲ್ಲರೂ ಸೇರಿ ನಯಾಗರಾ ಕಡೆಗೋ ಯೊಸೆಮಿಟಿಗೋ ಹೊರಡುವ ವಾರಕ್ಕೆ ದೊಡ್ಡ ವ್ಯಾನ್ ಬಾಡಿಗೆಗೆ ತರುವುದು ಎಷ್ಟೋ ಅಗ್ಗ. ಎಚ್-1ಬಿ ವೀಸಾದಲ್ಲಿರುವವರು ಇನ್ನೊಂದನ್ನು ಮೊದಲೇ ಓದಬೇಕು, ಅದು ಅವಧಿಗೆ ಮುಂಚೆ ಲೀಸ್ ಮುರಿಯುವ ಷರತ್ತು. ಕೆಲಸ ಹೋದರೆ ದೇಶದಲ್ಲಿ ಉಳಿಯಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಕಾರು ವಾಪಸ್ ಕೊಡಬೇಕಾಗಿ ಬಂದರೆ ಬಾಕಿಗೂ ಕಾರಿನ ಆಗಿನ ಬೆಲೆಗೂ ಇರುವ ಅಂತರವನ್ನು ನೀವೇ ತುಂಬಬೇಕಾಗುತ್ತದೆ. ಮೊದಲ ವರ್ಷಗಳಲ್ಲಿ ಆ ಅಂತರ ದೊಡ್ಡದು. ಲೀಸನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲು ಕೆಲವು ಫೈನಾನ್ಸ್ ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬಿಟ್ಟರೂ ಹೊಸಬರು ಕಂತು ತಪ್ಪಿಸಿದರೆ ಹೊಣೆ ಯಾರದು ಎಂಬುದನ್ನು ಲಿಖಿತವಾಗಿ ಕೇಳಿ. ಕೆಲಸ ಗಟ್ಟಿಯಿಲ್ಲವೆನಿಸಿದರೆ 24 ತಿಂಗಳ ಲೀಸಿನ ಕಂತು ಹೆಚ್ಚಾದರೂ ಅದೇ ಸುರಕ್ಷಿತ.

ಲೀಸಿನ ಕೊನೆಯಲ್ಲಿ ಕಾರು ಒಪ್ಪಿಸುವ ಮುನ್ನ ರೆಸಿಡ್ಯುಯಲ್ ಮತ್ತು ಆಗಿನ ಮಾರುಕಟ್ಟೆ ಬೆಲೆ ಎರಡನ್ನೂ ಹೋಲಿಸಿ. ಮಾರುಕಟ್ಟೆ ಬೆಲೆ ಹೆಚ್ಚಿದ್ದರೆ ಕೊಂಡು ಮಾರಬಹುದು, ಆದರೆ ಬೇರೆ ಡೀಲರ್‌ಗೆ ನೇರವಾಗಿ ಮಾರುವುದನ್ನು 2021ರ ಆಸುಪಾಸಿನಿಂದ ಹಲವು ಕಂಪನಿಗಳು ತಡೆದಿವೆ. ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ತೆರಿಗೆ ಬೀಳುತ್ತದೆ. ಕಡಿಮೆಯಿದ್ದರೆ ವಾಪಸ್ ಕೊಟ್ಟುಬಿಡಿ. ಕಾರು ವಾಪಸ್ ಕೊಡುವಾಗ ಕಟ್ಟಬೇಕೆಂದು ಒಪ್ಪಂದದಲ್ಲಿರುವ ಡಿಸ್ಪೊಸಿಷನ್ ಫೀಯನ್ನು ಅದೇ ಕಂಪನಿಯ ಇನ್ನೊಂದು ಕಾರು ತೆಗೆದುಕೊಂಡರೆ ಎಷ್ಟೋ ಸಲ ಮನ್ನಾ ಮಾಡುತ್ತಾರೆ. ಒಂದೆರಡು ತಿಂಗಳು ಮುಂಚೆಯೇ ತಪಾಸಣೆ ಮಾಡಿಸಿಕೊಂಡರೆ ಗೀರು, ತಗ್ಗು, ಸವೆದ ಟಯರುಗಳನ್ನು ಹೊರಗಡೆ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು. ಕಾರು ಒಪ್ಪಿಸುವ ದಿನ ಎರಡೂ ಕೀ ಕೈಯಲ್ಲಿವೆಯೇ, ಕಾರಿನ ಜೊತೆ ಬಂದ ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿದೆಯೇ ನೋಡಿಕೊಳ್ಳಿ. ಕೇಬಲ್ ಗ್ಯಾರೇಜಿನ ಗೋಡೆಗೇ ನೇತಾಡುತ್ತ ಉಳಿದರೆ ಅದರ ಬಿಲ್ಲು ಬರುತ್ತದೆ.